ರೀಲ್ಸ್‌ನಲ್ಲಿ ಬರುವ ಆ ‘ಬುಲೆಟ್ ಮಷಿನ್’ ನಿಜಕ್ಕೂ ಏನು? ಮೊದಲ ರೀಲೋಡಿಂಗ್ ಪ್ರೆಸ್ ಕೊಳ್ಳುವವರು ಏನನ್ನು ನೋಡುತ್ತಾರೆ?

ಕಳೆದ ತಿಂಗಳು ನಮ್ಮ ಮನೆಯವರ ವಾಟ್ಸಾಪ್ ಗ್ರೂಪ್‌ಗೆ ಒಂದು ವಿಡಿಯೋ ಬಂತು. ಅಂಥದ್ದನ್ನು ನೀವೂ ನೋಡಿರಬಹುದು. ಅಮೆರಿಕದ ಯಾರದ್ದೋ ಗ್ಯಾರೇಜು, ಒಂದು ಮರದ ಮೇಜು, ಅದರ ತುದಿಗೆ ಬೋಲ್ಟ್ ಹಾಕಿ ಕೂರಿಸಿದ ಯಂತ್ರ. ಒಬ್ಬ ಹಿಡಿಕೆ ಎಳೆಯುತ್ತಾನೆ, ಬಿಡುತ್ತಾನೆ. ಪ್ರತಿ ಸಲವೂ ಹೊಳೆಯುವ ತೋಟಾ ಒಂದು ಟಣ್ಣನೆ ಡಬ್ಬಿಗೆ ಬೀಳುತ್ತದೆ. ಕೆಳಗೆ ಕನ್ನಡದಲ್ಲಿ ಬರೆದಿತ್ತು: ‘ಅಮೆರಿಕದಲ್ಲಿ ಮನೆಮನೆಯಲ್ಲೂ ಬುಲೆಟ್ ಫ್ಯಾಕ್ಟರಿ! ಯಾವ ಲೈಸೆನ್ಸೂ ಬೇಡ. ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ತರಿಸಿಕೊಳ್ಳಬಹುದು.’

ಮಲೆನಾಡಿನಲ್ಲಿ ತೋಟ ಇರುವ, ಲೈಸೆನ್ಸ್ ಇರುವ ತೋಟೆ ಕೋವಿಯನ್ನು ಇಟ್ಟುಕೊಂಡಿರುವ ನಮ್ಮ ದೊಡ್ಡಪ್ಪ ತಕ್ಷಣ ಟೆಕ್ಸಾಸ್‌ನಲ್ಲಿರುವ ಅತ್ತೆಯ ಮಗನಿಗೆ ಬರೆದರು: ‘ಮುಂದಿನ ಸಲ ಬರುವಾಗ ಒಂದು ತಗೊಂಡು ಬಾರೋ.’ ತಮಾಷೆಗೇ ಬರೆದದ್ದು, ಆದರೆ ಪೂರ್ತಿ ತಮಾಷೆಯಲ್ಲ. ಆ ಕಡೆಯಿಂದ ಬಂದ ಉತ್ತರ ನನಗೆ ಇನ್ನಷ್ಟು ಕುತೂಹಲ ಹುಟ್ಟಿಸಿತು. ‘ನಮ್ಮ ಆಫೀಸಿನವನೊಬ್ಬ ಇದನ್ನೇ ಮಾಡ್ತಾನೆ. ನಾನೂ ಒಂದು ತಗೊಳ್ಳೋಣ ಅಂತಿದೀನಿ, ಯಾವುದು ಒಳ್ಳೇದು?’

ಒಂದೇ ವಿಡಿಯೋ, ಎರಡು ಪ್ರಶ್ನೆ. ಎರಡಕ್ಕೂ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ. ಫಾರ್ವರ್ಡ್‌ನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ನಂಬಿದರೆ ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಡಲ್ಲಾಸ್‌ನಲ್ಲೂ ತೊಂದರೆಗೆ ಸಿಕ್ಕಿಹಾಕಿಕೊಳ್ಳಬಹುದು.

ಮೊದಲು ಪದಗಳ ಗೊಂದಲ

ನಮ್ಮ ಟಿವಿಗಳಲ್ಲಿ ಎಲ್ಲವೂ ‘ಬುಲೆಟ್’. ‘ಮೂರು ಜೀವಂತ ಗುಂಡು ವಶ’ ಎನ್ನುತ್ತಾರೆ, ಹಿಂದಿನ ಗ್ರಾಫಿಕ್ಸ್‌ನಲ್ಲಿ ಇಡೀ ತೋಟಾವೇ ಹಿತ್ತಾಳೆ ಕವಚದ ಸಮೇತ ಗಾಳಿಯಲ್ಲಿ ಹಾರುತ್ತಿರುತ್ತದೆ. ಕೋವಿ ಇಟ್ಟುಕೊಂಡ ಮಲೆನಾಡಿನ ಅಜ್ಜಂದಿರು ಇದನ್ನು ನೋಡಿದರೆ ನಕ್ಕುಬಿಡುತ್ತಾರೆ. ಅವರ ಬಾಯಲ್ಲಿ ಈ ವಸ್ತುಗಳಿಗೆ ಬೇರೆ ಬೇರೆ ಹೆಸರೇ ಇದೆ. ಪೂರ್ತಿ ಜೋಡಿಸಿದ್ದು ತೋಟಾ. ಅದರ ಮುಂದೆ ಕೂತು, ಹಾರಿಹೋಗುವುದು ಗುಂಡು. ಒಳಗೆ ತುಂಬಿರುವುದು ಮದ್ದು. ಹಿಂಬದಿಯಲ್ಲಿ ಕಿಡಿ ಕೊಡುವುದು ಕೇಪು. ಇದೆಲ್ಲವನ್ನೂ ಹಿಡಿದಿಡುವುದು ಕವಚ ಅಥವಾ ಕೇಸು.

ಗುಂಡು ಹಾರಿದ ಮೇಲೆ ಮದ್ದು ಉರಿದುಹೋಗಿರುತ್ತದೆ, ಕೇಪು ಸತ್ತಿರುತ್ತದೆ, ಗುಂಡು ಎಲ್ಲೋ ನೆಟ್ಟಿರುತ್ತದೆ. ಉಳಿಯುವುದು ಕವಚ ಮಾತ್ರ. ಸಾಮಾನ್ಯವಾಗಿ ಅದು 70 ಭಾಗ ತಾಮ್ರ, 30 ಭಾಗ ಸತು ಸೇರಿಸಿದ ಹಿತ್ತಾಳೆ. ತೋಟಾದಲ್ಲಿ ಬೆಲೆಬಾಳುವ ಭಾಗಗಳಲ್ಲಿ ಅದೂ ಒಂದು, ಮತ್ತೆ ಬಳಸಬಹುದಾದದ್ದು ಅದೊಂದೇ. ಆ ಖಾಲಿ ಕವಚಕ್ಕೆ ಹೊಸ ಕೇಪು, ಅಳತೆಯ ಮದ್ದು, ಹೊಸ ಗುಂಡು ಕೂರಿಸುವುದೇ ರೀಲೋಡಿಂಗ್ ಅಥವಾ ಹ್ಯಾಂಡ್‌ಲೋಡಿಂಗ್. ಆ ಕೂರಿಸುವ ಕೆಲಸಕ್ಕೆ ಬೇಕಾದ ಬಲ ಕೊಡುವ ಸನ್ನೆಗೋಲೇ ಪ್ರೆಸ್.

ಹಾಗಾಗಿ ‘ಬುಲೆಟ್ ತಯಾರಿಸುವ ಮಷಿನ್’ ಎನ್ನುವುದೇ ತಪ್ಪು. ಇದರೊಳಗೆ ಕಬ್ಬಿಣ ಹಾಕಿದರೆ ಗುಂಡು ಬರುವುದಿಲ್ಲ. ನಮ್ಮ ಮನೆಗಳ ಶಾವಿಗೆ ಒರಳನ್ನು ನೆನಪಿಸಿಕೊಳ್ಳಿ. ಒರಳು ತಾನಾಗಿ ಶಾವಿಗೆ ಮಾಡುವುದಿಲ್ಲ. ಹಿಟ್ಟು ಬೇಯಿಸಿ ಮುದ್ದೆ ಕಟ್ಟಿ ಕೊಟ್ಟರೆ ಒತ್ತುತ್ತದೆ, ಬಿಲ್ಲೆ ಬದಲಿಸಿದರೆ ಚಕ್ಕುಲಿ. ಪ್ರೆಸ್ಸೂ ಹಾಗೆಯೇ. ಅದಕ್ಕೆ ತಿರುಗಿಸಿ ಕೂರಿಸುವ ಉಕ್ಕಿನ ಅಚ್ಚುಗಳಿಗೆ ಡೈ ಎನ್ನುತ್ತಾರೆ. ತೋಟಾದ ಪ್ರತಿ ಅಳತೆಗೂ ಬೇರೆ ಡೈ ಸೆಟ್. ಒಂದು ಡೈ ಹಳೆಯ ಕೇಪನ್ನು ತಳ್ಳಿಹಾಕಿ, ಉಬ್ಬಿದ ಕವಚವನ್ನು ಮೊದಲಿನ ಅಳತೆಗೆ ಹಿಂಡುತ್ತದೆ. ಇನ್ನೊಂದು ಬಾಯಿಯನ್ನು ಚೂರು ಅಗಲಿಸುತ್ತದೆ. ಮತ್ತೊಂದು ಗುಂಡನ್ನು ಕೂರಿಸುತ್ತದೆ.

ಇದು ಹೊಸ ಹುಚ್ಚೂ ಅಲ್ಲ. 19ನೇ ಶತಮಾನದ ಕೊನೆಯಲ್ಲೇ ಅಮೆರಿಕದ ಬೇಟೆಗಾರರು ಇಕ್ಕಳದಂತಹ ಸಾಧನವನ್ನು ಜೇಬಿನಲ್ಲಿಟ್ಟುಕೊಂಡು ಕ್ಯಾಂಪಿನಲ್ಲೇ ತೋಟಾ ತುಂಬಿಕೊಳ್ಳುತ್ತಿದ್ದರು, ಅಂಗಡಿ ನೂರಾರು ಮೈಲಿ ದೂರ ಇರುತ್ತಿತ್ತು. ಇವತ್ತು ಮಾಡುವವರಲ್ಲಿ ಹೆಚ್ಚಿನವರು ಮೂರು ಬಗೆ: ವಾರಕ್ಕೆ ನೂರಾರು ಗುಂಡು ಹಾರಿಸುವ ಸ್ಪರ್ಧಾ ಶೂಟರ್‌ಗಳು, ದೂರದ ಗುರಿಗೆ ಒಂದೇ ಜಾಗಕ್ಕೆ ಬೀಳುವಂತಹ ತೋಟಾ ಬೇಕೆನ್ನುವವರು, ಕಂಪನಿಗಳು ತಯಾರಿಸುವುದನ್ನೇ ನಿಲ್ಲಿಸಿದ ಹಳೆಯ ಅಳತೆಯ ರೈಫಲ್ ಇರುವವರು.

ಮೂರು ಬಗೆಯ ಪ್ರೆಸ್

ಅಮೆರಿಕದಲ್ಲಿ ಮೊದಲ ಪ್ರೆಸ್ ಕೊಳ್ಳುವವರ ಮುಂದೆ ಇರುವ ಆಯ್ಕೆ ಮುಖ್ಯವಾಗಿ ಮೂರು.

ಸಿಂಗಲ್ ಸ್ಟೇಜ್ ಪ್ರೆಸ್‌ನಲ್ಲಿ ಒಂದು ಸಲಕ್ಕೆ ಒಂದೇ ಡೈ. ನೂರು ಕವಚ ಇದ್ದರೆ ನೂರಕ್ಕೂ ಮೊದಲ ಕೆಲಸ ಮುಗಿಸಿ, ಡೈ ಬದಲಿಸಿ, ನೂರಕ್ಕೂ ಎರಡನೆಯ ಕೆಲಸ. ಪಿಸ್ತೂಲಿನ ನೂರು ತೋಟಾ ಆಗುವಷ್ಟರಲ್ಲಿ ಹಿಡಿಕೆಯನ್ನು ಮುನ್ನೂರು, ನಾನೂರು ಸಲ ಎಳೆದಿರುತ್ತೀರಿ. ಗಂಟೆಗೆ ಐವತ್ತರಿಂದ ನೂರು ಆದರೆ ಹೆಚ್ಚು. ಬೆಲೆ ನೂರು ಡಾಲರ್ ಒಳಗಿನಿಂದ ಇನ್ನೂರು ಚಿಲ್ಲರೆವರೆಗೆ. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಆರ್‌ಸಿಬಿಎಸ್ ಕಂಪನಿಯ ರಾಕ್ ಚಕರ್ ಎನ್ನುವ ಹಸಿರು ಬಣ್ಣದ ಪ್ರೆಸ್ ಈ ಜಾತಿಯ ಪ್ರಸಿದ್ಧ ಮಾದರಿ. ಅಪ್ಪನ ಪ್ರೆಸ್ಸನ್ನು ಮಗ ಬಳಸುವುದು ಅಲ್ಲಿ ಮಾಮೂಲು. ಕೆಡುವಂಥದ್ದು ಅದರಲ್ಲಿ ಏನೂ ಇಲ್ಲ.

ಟರೆಟ್ ಪ್ರೆಸ್‌ನಲ್ಲಿ ಮೇಲ್ಭಾಗದ ತಿರುಗುವ ತಲೆಯಲ್ಲಿ ನಾಲ್ಕೋ ಆರೋ ಡೈಗಳು ಒಟ್ಟಿಗೆ ಇರುತ್ತವೆ. ಕವಚ ಇದ್ದಲ್ಲೇ ಇರುತ್ತದೆ, ಡೈಗಳು ಒಂದೊಂದಾಗಿ ಅದರ ಮೇಲೆ ಬರುತ್ತವೆ. ನಾಲ್ಕು ಎಳೆತಕ್ಕೆ ಒಂದು ತೋಟಾ ಪೂರ್ತಿ. ಗಂಟೆಗೆ ನೂರೈವತ್ತು, ಕೈ ಪಳಗಿದರೆ ಇನ್ನೂರರ ಹತ್ತಿರ.

ರೀಲ್ಸ್‌ನಲ್ಲಿ ಬರುವುದು ಮೂರನೆಯದು, ಪ್ರೋಗ್ರೆಸಿವ್. ಇದರಲ್ಲಿ ಕೆಳಗಿನ ತಟ್ಟೆಯ ಮೇಲೆ ನಾಲ್ಕೈದು ಕವಚಗಳು ಒಟ್ಟಿಗೆ ಕೂತಿರುತ್ತವೆ. ಹಿಡಿಕೆ ಒಮ್ಮೆ ಎಳೆದರೆ ಒಂದು ಕವಚದ ಕೇಪು ಹೊರಬೀಳುತ್ತದೆ, ಇನ್ನೊಂದಕ್ಕೆ ಮದ್ದು ಬೀಳುತ್ತದೆ, ಮತ್ತೊಂದಕ್ಕೆ ಗುಂಡು ಕೂರುತ್ತದೆ, ಕೊನೆಯದು ತಯಾರಾಗಿ ಡಬ್ಬಿಗೆ ಜಾರುತ್ತದೆ. ಪ್ರತಿ ಎಳೆತಕ್ಕೂ ಒಂದು ತೋಟಾ. ಗಂಟೆಗೆ 400ರ ಆಸುಪಾಸು. ಅರಿಜೋನಾದ ಡಿಲ್ಲನ್ ಕಂಪನಿಯ ನೀಲಿ ಯಂತ್ರಗಳು ಇದಕ್ಕೆ ಹೆಸರುವಾಸಿ. ಬೆಲೆಯೂ ಸಿಂಗಲ್ ಸ್ಟೇಜ್‌ನ ಹಲವು ಪಟ್ಟು.

ವಿಡಿಯೋ ನೋಡಿದವರಿಗೆಲ್ಲ ಬೇಕೆನಿಸುವುದು ಇದೇ. ನಮ್ಮ ಅತ್ತೆಯ ಮಗನಿಗೂ ಇದೇ ಬೇಕಿತ್ತು. ಆದರೆ ಹಳಬರು ಹೊಸಬರಿಗೆ ಹೇಳುವುದು ಸಾಮಾನ್ಯವಾಗಿ ಇದರ ಉಲ್ಟಾ: ಮೊದಲು ಸಿಂಗಲ್ ಸ್ಟೇಜ್ ತಗೋ. ದುಡ್ಡು ಉಳಿಯುತ್ತದೆ ಎನ್ನುವುದು ಒಂದು ಕಾರಣ ಅಷ್ಟೇ, ದೊಡ್ಡ ಕಾರಣ ಬೇರೆ ಇದೆ.

ಟೈರಿನ ಸಾವಿರ ಪಟ್ಟು ಒತ್ತಡ

ಕಾರಿನ ಟೈರಿಗೆ ನಾವು ತುಂಬಿಸುವ ಗಾಳಿ ಸುಮಾರು 32 ಪಿಎಸ್‌ಐ. ಸಾಮಾನ್ಯ 9 ಎಂಎಂ ಪಿಸ್ತೂಲಿನ ತೋಟಾ ಸಿಡಿದಾಗ ಒಳಗೆ ಇರಬಹುದಾದ ಗರಿಷ್ಠ ಒತ್ತಡ 35,000 ಪಿಎಸ್‌ಐ ಎಂದು ಅಮೆರಿಕದ ತಯಾರಕರ ಸಂಸ್ಥೆ ಎಸ್‌ಎಎಎಂಐ ನಿಗದಿ ಮಾಡಿದೆ. ಅಂದರೆ ಟೈರಿನ ಸಾವಿರ ಪಟ್ಟಿಗೂ ಹೆಚ್ಚು. ಪಾಯಿಂಟ್ 308 ವಿಂಚೆಸ್ಟರ್ ಎಂಬ ರೈಫಲ್ ತೋಟಾಕ್ಕೆ ಅದು 62,000. ಇದೆಲ್ಲ ನಡೆಯುವುದು ಮುಖದಿಂದ ಒಂದು ಗೇಣು ದೂರದಲ್ಲಿ.

ಈ ಒತ್ತಡವನ್ನು ನಿರ್ಧರಿಸುವ ಮದ್ದಿನ ಪ್ರಮಾಣ ಎಷ್ಟು ಚಿಕ್ಕದು ಗೊತ್ತೇ? ಅದನ್ನು ಅಳೆಯುವುದು ಗ್ರೇನ್ ಎಂಬ ಮಾನದಲ್ಲಿ. ಒಂದು ಪೌಂಡಿಗೆ 7,000 ಗ್ರೇನ್. ನಮ್ಮ ಅಕ್ಕಸಾಲಿಗರ ಗುಲಗಂಜಿ ತೂಕ ಗೊತ್ತಿದ್ದವರಿಗೆ ಹೇಳುವುದಾದರೆ, ಒಂದು ಗ್ರೇನ್ ಎಂದರೆ ಹೆಚ್ಚುಕಡಿಮೆ ಅರ್ಧ ಗುಲಗಂಜಿ. ಪಿಸ್ತೂಲಿನ ತೋಟಾದಲ್ಲಿ ಗ್ರೇನಿನ ಹತ್ತನೇ ಒಂದು ಭಾಗವೂ ಲೆಕ್ಕಕ್ಕೆ ಬರುತ್ತದೆ. ಯಾವ ಗುಂಡಿಗೆ ಯಾವ ಮದ್ದು, ಎಷ್ಟು ಎನ್ನುವುದನ್ನು ಮದ್ದಿನ ಕಂಪನಿಗಳೂ ಗುಂಡಿನ ಕಂಪನಿಗಳೂ ಲ್ಯಾಬಿನಲ್ಲಿ ಪರೀಕ್ಷಿಸಿ ಪುಸ್ತಕವಾಗಿ ಅಚ್ಚು ಹಾಕುತ್ತವೆ. ಅಂದಾಜಿನ ಮೇಲೆ ಮಾಡುವ ಕೆಲಸವೇ ಅಲ್ಲ ಇದು.

ಇಲ್ಲಿ ಎರಡು ತಪ್ಪುಗಳು ಕುಖ್ಯಾತ. ಮೊದಲನೆಯದು ಡಬಲ್ ಚಾರ್ಜ್: ಒಂದೇ ಕವಚಕ್ಕೆ ಎರಡು ಸಲ ಮದ್ದು ಬೀಳುವುದು. ಎಷ್ಟೋ ಪಿಸ್ತೂಲ್ ಮದ್ದುಗಳು ಕವಚದ ಅರ್ಧವನ್ನೂ ತುಂಬುವುದಿಲ್ಲ. ಹಾಗಾಗಿ ಎರಡು ಪಟ್ಟು ಬಿದ್ದರೂ ಹೊರಗೆ ಚೆಲ್ಲುವುದಿಲ್ಲ, ಮೇಲೆ ಗುಂಡು ಕೂತ ಮೇಲೆ ಕಣ್ಣಿಗೆ ಕಾಣುವುದೂ ಇಲ್ಲ. ಕೋವಿಯೇ ಒಡೆದು ಬೆರಳು, ಕಣ್ಣು ಹೋಗಬಹುದು. ಎರಡನೆಯದು ಇದರ ತದ್ವಿರುದ್ಧ, ಸ್ಕ್ವಿಬ್: ಮದ್ದೇ ಬೀಳದೆ ಹೋಗುವುದು. ಆಗ ಕೇಪಿನ ಬಲಕ್ಕೆ ಗುಂಡು ಚೂರು ಮುಂದೆ ಹೋಗಿ ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ‘ಠುಸ್’ ಎಂದಿತಲ್ಲ ಎಂದು ಇನ್ನೊಮ್ಮೆ ಕುದುರೆ ಎಳೆದರೆ ಹಿಂದಿನಿಂದ ಬಂದ ಗುಂಡಿಗೆ ದಾರಿಯಿಲ್ಲ, ನಳಿಗೆ ಉಬ್ಬಿ ಸೀಳುತ್ತದೆ. ಹೊಸಬರಿಗೆ ಡಬಲ್ ಚಾರ್ಜ್ ಭಯ ಗೊತ್ತಿರುತ್ತದೆ, ಸ್ಕ್ವಿಬ್ ಭಯ ಗೊತ್ತಿರುವುದಿಲ್ಲ. ನನಗನ್ನಿಸುವುದು ಎರಡನೆಯದೇ ಹೆಚ್ಚು ಮೋಸದ್ದು, ಏಕೆಂದರೆ ಅದರ ಮೊದಲ ಸದ್ದು ಬಹಳ ಸಣ್ಣದು.

ಈಗ ಸಿಂಗಲ್ ಸ್ಟೇಜ್‌ಗೆ ಬನ್ನಿ. ಅದರಲ್ಲಿ ಮದ್ದು ಹಾಕಿದ ಐವತ್ತು ಕವಚಗಳು ತೂತಿನ ಮರದ ಹಲಗೆಯ ಮೇಲೆ ಸಾಲಾಗಿ ನಿಂತಿರುತ್ತವೆ. ಗುಂಡು ಕೂರಿಸುವ ಮೊದಲು ಟಾರ್ಚ್ ಹಾಕಿ ಮೇಲಿನಿಂದ ಒಮ್ಮೆ ನೋಡಿದರೆ ಸಾಕು. ಒಂದರಲ್ಲಿ ಮದ್ದು ಹೆಚ್ಚಿದ್ದರೆ, ಒಂದು ಖಾಲಿ ಇದ್ದರೆ ಎದ್ದು ಕಾಣುತ್ತದೆ. ಟರೆಟ್‌ನಲ್ಲಿ ಒಂದು ಸಲಕ್ಕೆ ಒಂದೇ ಕವಚ ಇರುವುದರಿಂದ ಗಮನ ಅದರ ಮೇಲೇ ಇರುತ್ತದೆ. ಪ್ರೋಗ್ರೆಸಿವ್‌ನಲ್ಲಿ ಐದು ಜಾಗದಲ್ಲಿ ಐದು ಕೆಲಸ ಒಂದೇ ಎಳೆತಕ್ಕೆ ನಡೆಯುತ್ತದೆ. ಕೇಪು ಓರೆಯಾಗಿ ಸಿಕ್ಕಿಕೊಂಡಿತು ಅಂತಿಟ್ಟುಕೊಳ್ಳಿ. ಹಿಡಿಕೆ ಅರ್ಧಕ್ಕೆ ನಿಲ್ಲಿಸಿ, ಸರಿಮಾಡಿ, ಮತ್ತೆ ಎಳೆಯುವಾಗ ಮದ್ದಿನ ಜಾಗದಲ್ಲಿದ್ದ ಕವಚಕ್ಕೆ ಈಗಾಗಲೇ ಮದ್ದು ಬಿದ್ದಿತ್ತೋ ಇಲ್ಲವೋ? ಅನುಭವಿ ಅದನ್ನು ತೆಗೆದು ಚೆಲ್ಲಿ ಮೊದಲಿನಿಂದ ಶುರುಮಾಡುತ್ತಾನೆ. ಹೊಸಬ ‘ಬಿದ್ದಿರಲಿಕ್ಕಿಲ್ಲ’ ಅಂದುಕೊಳ್ಳುತ್ತಾನೆ. ಮದ್ದಿನ ಮಟ್ಟ ತಪ್ಪಿದರೆ ಕೂಗುವ ಪೌಡರ್ ಚೆಕ್ ಎಂಬ ಉಪಕರಣ ಬಂದಿದೆ. ಅದು ಸಹಾಯ ಮಾಡುತ್ತದೆ, ಆದರೆ ಅದನ್ನು ಸರಿಯಾಗಿ ಹೊಂದಿಸಬೇಕಾದವನೂ ಅದೇ ಹೊಸಬ.

ಕೊಳ್ಳುವವರು ಇನ್ನೇನು ನೋಡುತ್ತಾರೆ?

ಯಾವ ತೋಟಾ, ತಿಂಗಳಿಗೆ ಎಷ್ಟು ಎನ್ನುವುದು ಮೊದಲ ಪ್ರಶ್ನೆ. ಪಿಸ್ತೂಲಿನ ಕವಚ ಸಾಮಾನ್ಯವಾಗಿ ನೇರ ಗೋಡೆಯದು, ಹಿಂಡಲು ಹೆಚ್ಚು ಬಲ ಬೇಡ. ಕಾರ್ಬೈಡ್ ಡೈ ಇದ್ದರೆ ಎಣ್ಣೆಯೂ ಬೇಡ. ರೈಫಲಿನದ್ದು ಸೀಸೆಯ ಹಾಗೆ ಕುತ್ತಿಗೆ ಸಣ್ಣಗಿರುವ ಕವಚ. ಅದನ್ನು ಉದ್ದಕ್ಕೂ ಹಿಂಡಲು ಬಲವೂ ಬೇಕು, ಜಾರುವ ಎಣ್ಣೆಯೂ ಬೇಕು. ಎಣ್ಣೆ ಮರೆತರೆ ಕವಚ ಡೈಯೊಳಗೆ ಸಿಕ್ಕಿಕೊಂಡು ಆ ದಿನದ ಕೆಲಸ ಮುಗಿಯಿತು. ಹೀಗಾಗಿ ರೈಫಲ್ ತೋಟಾ ಮಾಡುವವರು ಇಂಗ್ಲಿಷ್ ಓ ಅಕ್ಷರದಂತೆ ಸುತ್ತಲೂ ಮುಚ್ಚಿದ ಚೌಕಟ್ಟಿನ, ಎರಕದ ಕಬ್ಬಿಣದ ಪ್ರೆಸ್ ನೋಡುತ್ತಾರೆ. ಸಿ ಅಕ್ಷರದಂತೆ ಮುಂದೆ ತೆರೆದಿರುವ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಕೈ ಆಡಿಸಲು ಜಾಗ ಹೆಚ್ಚು, ಆದರೆ ಭಾರ ಬಿದ್ದಾಗ ಕೂದಲೆಳೆಯಷ್ಟು ಬಾಗುತ್ತದೆ.

ತಪ್ಪು ಪ್ರೆಸ್ ಕೊಂಡರೆ ಎಲ್ಲ ಹೋಯಿತೇ? ಇಲ್ಲ. ಹೆಚ್ಚಿನ ಕಂಪನಿಗಳ ಡೈಗಳಿಗೆ ಒಂದೇ ಅಳತೆಯ ಥ್ರೆಡ್ ಇದೆ: 7/8 ಇಂಚು ವ್ಯಾಸ, ಇಂಚಿಗೆ 14 ಸುತ್ತು. ಕೆಂಪು ಡಬ್ಬಿಯ ಡೈ ಹಸಿರು ಪ್ರೆಸ್ಸಿಗೆ ಕೂರುತ್ತದೆ. ನಮ್ಮ ಮೊಬೈಲ್ ಚಾರ್ಜರ್‌ಗಳು ಎಷ್ಟೋ ವರ್ಷ ಒಂದಾಗದೆ ಜಗಳವಾಡಿದ್ದನ್ನು ನೋಡಿದವರಿಗೆ ಇದು ಅಚ್ಚರಿ. ಅಪವಾದಗಳಿವೆ. ಡಿಲ್ಲನ್‌ನ ಸ್ಕ್ವೇರ್ ಡೀಲ್ ಎಂಬ ಮಾದರಿಗೆ ಅದರದ್ದೇ ಡೈ ಬೇಕು. ಮುಂದೆ ಪ್ರೋಗ್ರೆಸಿವ್ ಕೊಂಡವರೂ ಹಳೆಯ ಸಿಂಗಲ್ ಸ್ಟೇಜ್ ಮಾರುವುದಿಲ್ಲ. ತಪ್ಪಾದ ತೋಟಾ ಬಿಚ್ಚುವುದು, ಕವಚ ಸರಿಮಾಡುವುದು ಮುಂತಾದ ಚಿಲ್ಲರೆ ಕೆಲಸ ಅದರಲ್ಲೇ.

ಪ್ರೆಸ್‌ನ ಬೆಲೆ ನೋಡಿ ‘ಇಷ್ಟೇನಾ’ ಎನ್ನುವವರಿಗೆ ಒಂದು ಮಾತು. ಡೈ ಸೆಟ್, ತೂಕದ ಯಂತ್ರ, ಕ್ಯಾಲಿಪರ್, ಲೋಡ್ ಮಾಹಿತಿಯ ಪುಸ್ತಕ, ಕವಚ ತೊಳೆಯುವ ಯಂತ್ರ ಎಲ್ಲ ಸೇರಿದರೆ ಪ್ರೆಸ್‌ನ ಬೆಲೆಯೇ ಚಿಕ್ಕದಾಗುತ್ತದೆ. ನನಗೆ ಕೇಳಿದರೆ ದುಡ್ಡು ಸುರಿಯಬೇಕಾದ್ದು ತೂಕದ ಯಂತ್ರದ ಮೇಲೆ. ಅಲುಗಾಡುವ ಮೇಜಿನ ಮೇಲೆ ಕೂತರೆ ದುಬಾರಿ ಪ್ರೆಸ್ಸೂ ಅಲುಗಾಡುತ್ತದೆ.

‘ಅರ್ಧ ಬೆಲೆಗೆ ತೋಟಾ’ ಎನ್ನುವ ಲೆಕ್ಕವೂ ಎಲ್ಲರಿಗೂ ಹೊಂದುವುದಿಲ್ಲ. ಅಪರೂಪದ, ದುಬಾರಿ ತೋಟಾಗಳಲ್ಲಿ ಉಳಿತಾಯ ನಿಜ. 9 ಎಂಎಂನಂತಹ ಅಗ್ಗದ ತೋಟಾದಲ್ಲಿ ಉಳಿಯುವುದು ಸ್ವಲ್ಪವೇ. ಅದನ್ನೂ ಹೆಚ್ಚು ಗುಂಡು ಹಾರಿಸಿ ಖರ್ಚು ಮಾಡುತ್ತಾರೆ ಎಂದು ಹವ್ಯಾಸಿಗಳೇ ನಗುತ್ತಾರೆ. ಕೊರೊನಾ ಕಾಲದಲ್ಲಿ, 2020ರಿಂದ ಮುಂದೆ, ಅಮೆರಿಕದಲ್ಲಿ ತೋಟಾ ಸಿಗದೆ ಎಷ್ಟೋ ಜನ ಪ್ರೆಸ್ ಕೊಳ್ಳಲು ಓಡಿದರು. ಆಮೇಲೆ ನೋಡಿದರೆ ಅಂಗಡಿಗಳಲ್ಲಿ ಕೇಪೇ ಇಲ್ಲ. ಕೇಪಿಲ್ಲದ ಪ್ರೆಸ್, ಹಿಟ್ಟಿಲ್ಲದ ಶಾವಿಗೆ ಒರಳು.

ಕೇಪಿನ ಬಗ್ಗೆ ಒಂದು ತಮಾಷೆಯ ಸಂಗತಿ. 1860ರ ದಶಕದಲ್ಲಿ ಎರಡು ಬಗೆಯ ಕೇಪು ಬಂದವು. ಅಮೆರಿಕದ ಹೈರಮ್ ಬರ್ಡನ್ ಮಾಡಿದ್ದು ಯುರೋಪಿನಲ್ಲಿ ಹರಡಿತು, ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ಮಾಡಿದ್ದು ಅಮೆರಿಕದಲ್ಲಿ ನೆಲೆಯೂರಿತು. ಬಾಕ್ಸರ್ ಬಗೆಯ ಕವಚದ ತಳದ ನಡುವೆ ಒಂದೇ ತೂತು. ಡೈಯೊಳಗಿನ ಸೂಜಿ ನೇರ ಇಳಿದು ಹಳೆಯ ಕೇಪನ್ನು ತಳ್ಳುತ್ತದೆ. ಬರ್ಡನ್ ಬಗೆಯಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ತೂತುಗಳು ಅಕ್ಕಪಕ್ಕ, ಸೂಜಿ ಹೋಗಿ ಗೋಡೆಗೆ ಗುದ್ದುತ್ತದೆ. ರೀಲೋಡಿಂಗ್ ಅಮೆರಿಕದಲ್ಲಿ ಇಷ್ಟು ಸುಲಭವಾಗಿ ಬೆಳೆಯಲು ಇಂಗ್ಲೆಂಡಿನವನ ಒಂದು ತೂತೂ ಕಾರಣ.

ಯಾರೂ ಫಾರ್ವರ್ಡ್ ಮಾಡದ ವಿಷಯ: ಸೀಸ

ವಿಡಿಯೋದಲ್ಲಿ ಕಾಣದ ಅಪಾಯ ಇದು. ಸಾಮಾನ್ಯ ಕೇಪಿನೊಳಗಿನ ರಾಸಾಯನಿಕದಲ್ಲಿ ಸೀಸ ಇರುತ್ತದೆ. ಗುಂಡು ಹಾರಿದ ಮೇಲೆ ಕವಚದೊಳಗೆ ಉಳಿಯುವ ಕಪ್ಪು ಮಸಿಯಲ್ಲೂ ಅದೇ ಸೀಸ. ಹಳೆಯ ಕೇಪು ಹೊರಬಿದ್ದಾಗ ಆ ಪುಡಿ ಮೇಜಿಗೆ, ನೆಲಕ್ಕೆ ಬೀಳುತ್ತದೆ. ಕವಚಗಳನ್ನು ಒಣ ಹೊಟ್ಟಿನ ಜೊತೆ ಗಿರಗಿರ ತಿರುಗಿಸಿ ಹೊಳಪು ಮಾಡುವ ಯಂತ್ರ ಇನ್ನೂ ಕೆಟ್ಟದ್ದು, ಅದರ ಮುಚ್ಚಳ ತೆಗೆದಾಗ ಏಳುವ ಧೂಳಿನಲ್ಲಿ ಸೀಸವಿರುತ್ತದೆ.

ಸೀಸಕ್ಕೆ ಸುರಕ್ಷಿತ ಮಟ್ಟ ಎನ್ನುವುದೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮೆದುಳಿನ ಬೆಳವಣಿಗೆಗೆ ಅದು ಹೊಡೆತ. ಅಮೆರಿಕದ ಸಿಡಿಸಿ 2021ರಲ್ಲಿ ಮಕ್ಕಳ ರಕ್ತದ ಎಚ್ಚರಿಕೆಯ ಮಟ್ಟವನ್ನು ಪ್ರತಿ ಡೆಸಿಲೀಟರ್‌ಗೆ 5 ಮೈಕ್ರೋಗ್ರಾಮ್‌ನಿಂದ 3.5ಕ್ಕೆ ಇಳಿಸಿತು. ನೆಲದ ಮೇಲೆ ಅಂಬೆಗಾಲಿಡುವ ಮಗು ಎಲ್ಲವನ್ನೂ ಬಾಯಿಗೆ ಹಾಕುತ್ತದೆ, ನಿಮಗೇ ಗೊತ್ತು.

ಆದ್ದರಿಂದ ಪ್ರೆಸ್ ಆರಿಸುವಾಗ ಬಣ್ಣ, ವೇಗಕ್ಕಿಂತ ಮುಖ್ಯವಾದ ಒಂದು ಸಣ್ಣ ವಿವರ ಇದೆ: ಹಳೆಯ ಕೇಪು ಎಲ್ಲಿ ಬೀಳುತ್ತದೆ? ಕೆಲವು ಪ್ರೆಸ್‌ಗಳಲ್ಲಿ ಅದು ಒಳಗಿನ ಕೊಳವೆಯ ಮೂಲಕ ನೇರ ಮುಚ್ಚಿದ ಬಾಟಲಿಗೆ ಇಳಿಯುತ್ತದೆ. ಕೆಲವದರಲ್ಲಿ ತೆರೆದ ತಟ್ಟೆಗೆ ಬಿದ್ದು ಅರ್ಧ ಹೊರಗೆ ಹಾರುತ್ತದೆ. ಮಗು ಇರುವ ಮನೆಯಲ್ಲಿ ಎರಡನೆಯದು ಬೇಡವೇ ಬೇಡ. ತಿಳಿದವರು ಕವಚಗಳನ್ನು ನೀರಿನಲ್ಲೇ ತೊಳೆಯುತ್ತಾರೆ, ಮೇಜಿನ ಹತ್ತಿರ ಕಾಫಿ ಇಡುವುದಿಲ್ಲ, ಪೊರಕೆಯ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ, ಆ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳುವುದಿಲ್ಲ. ಖಾಲಿ ಕವಚದಲ್ಲಿ ಕೀಚೈನು, ಲಾಕೆಟ್ಟು ಮಾಡಿ ಮಾರುವ ರೀಲ್ಸ್ ನೋಡಿದಾಗಲೂ ಈ ಕಪ್ಪು ಮಸಿ ನೆನಪಿರಲಿ.

ಲೈಸೆನ್ಸ್ ಬೇಡ ಎಂದರೆ ಯಾರಿಗೆ ಬೇಡ?

ಅಮೆರಿಕದ ಫೆಡರಲ್ ಕಾನೂನಿನಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಲೈಸೆನ್ಸ್ ಬೇಡ ಎನ್ನುವುದು ನಿಜ. ತಯಾರಿಸಿ ಮಾರುವ ವ್ಯಾಪಾರಕ್ಕೆ ಬೇಕು. ಫಾರ್ವರ್ಡ್‌ನ ಸತ್ಯ ಇಲ್ಲಿಗೆ ಮುಗಿಯಿತು.

ನಮ್ಮ ಅತ್ತೆಯ ಮಗ ಇರುವುದು ಎಚ್-1ಬಿ ವೀಸಾದಲ್ಲಿ. ವಲಸೆಯಲ್ಲದ ವೀಸಾದಲ್ಲಿ ಹೋದವರು, ಅಂದರೆ ಎಚ್-1ಬಿ ಉದ್ಯೋಗಿಗಳೂ ಎಫ್-1 ವಿದ್ಯಾರ್ಥಿಗಳೂ, ಬಂದೂಕಾಗಲಿ ತೋಟಾವಾಗಲಿ ಇಟ್ಟುಕೊಳ್ಳುವುದನ್ನು ಅಲ್ಲಿನ ಫೆಡರಲ್ ಕಾನೂನು ನಿಷೇಧಿಸುತ್ತದೆ. ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿ ಬೇಟೆ ಪರವಾನಗಿಯಂತಹ ಕೆಲವು ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧವಿಲ್ಲ. ‘ನಾನು ಪೂರ್ತಿ ತೋಟಾ ಇಟ್ಟುಕೊಂಡಿಲ್ಲ, ಬರೀ ಖಾಲಿ ಕವಚ ಮತ್ತು ಕೇಪು’ ಎನ್ನುವ ವಾದ ನಡೆಯುವುದಿಲ್ಲ. ಕವಚ, ಕೇಪು, ಗುಂಡು, ಮದ್ದು ಪ್ರತಿಯೊಂದನ್ನೂ ಆ ಕಾನೂನು ಬಿಡಿಬಿಡಿಯಾಗಿ ‘ಅಮ್ಯುನಿಷನ್’ ಎಂದೇ ಕರೆಯುತ್ತದೆ. 2022ರ ತಿದ್ದುಪಡಿಯ ನಂತರ ಗರಿಷ್ಠ ಶಿಕ್ಷೆ 15 ವರ್ಷ. ವೀಸಾ ಕಥೆ ಬೇರೆ ಹೇಳಬೇಕಿಲ್ಲ. ಸಹೋದ್ಯೋಗಿ ಮಾಡುತ್ತಾನೆ, ನಾನೂ ಮಾಡುತ್ತೇನೆ ಎನ್ನುವುದಕ್ಕೆ ಮುಂಚೆ ಸಹೋದ್ಯೋಗಿಯ ಪಾಸ್‌ಪೋರ್ಟ್ ಯಾವುದು ಎಂದು ನೋಡಬೇಕು. ಇದನ್ನು ಕಳಿಸಿದ ಮೇಲೆ ಅವನಿಂದ ಎರಡು ದಿನ ಉತ್ತರ ಬರಲಿಲ್ಲ. ಆಮೇಲೆ ಒಂದು ಹೆಬ್ಬೆರಳು ಬಂತು.

ಇನ್ನು ದೊಡ್ಡಪ್ಪನ ‘ತಗೊಂಡು ಬಾರೋ’. ಭಾರತದ ಶಸ್ತ್ರಾಸ್ತ್ರ ಕಾಯ್ದೆ 1959ರ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕಾಗಲಿ ಮದ್ದುಗುಂಡಾಗಲಿ ತಯಾರಿಸುವಂತಿಲ್ಲ. ಅದನ್ನು ಮುರಿದರೆ 25ನೇ ಸೆಕ್ಷನ್. 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಕೋವಿಗೆ ಲೈಸೆನ್ಸ್ ಇರುವುದು ಬೇರೆ, ತಯಾರಿಕೆಗೆ ಲೈಸೆನ್ಸ್ ಇರುವುದು ಬೇರೆ.

‘ಹಾಗಾದರೆ ಬರೀ ಯಂತ್ರ ತಂದು ಶೋಕೇಸಿನಲ್ಲಿ ಇಟ್ಟರೆ?’ ಇದು ದೊಡ್ಡಪ್ಪನ ಮುಂದಿನ ಪ್ರಶ್ನೆ. ನಾನೂ ಹಾಗೇ ಅಂದುಕೊಂಡಿದ್ದೆ, ಕಬ್ಬಿಣದ ತುಂಡಿಗೆ ಏನು ಕಾನೂನು ಎಂದು. ಆದರೆ ಅದೇ ಕಾಯ್ದೆಯ 2ನೇ ಸೆಕ್ಷನ್‌ನಲ್ಲಿ ‘ಅಮ್ಯುನಿಷನ್’ ಎಂದರೆ ಏನು ಎಂಬ ಪಟ್ಟಿ ಇದೆ. ಅದರಲ್ಲಿ ಮದ್ದುಗುಂಡಿನ ಬಿಡಿಭಾಗಗಳೂ ಬರುತ್ತವೆ, ಮದ್ದುಗುಂಡು ತಯಾರಿಸುವ ಯಂತ್ರವೂ ಬರುತ್ತದೆ. ಕಾಯ್ದೆಯ ಮಾತನ್ನು ಹಾಗೇ ಓದಿದರೆ ಪ್ರೆಸ್ಸೇ ಮದ್ದುಗುಂಡು. 10ನೇ ಸೆಕ್ಷನ್ ಪ್ರಕಾರ ಅಂಥದ್ದನ್ನು ಲೈಸೆನ್ಸ್ ಇಲ್ಲದೆ ದೇಶದೊಳಗೆ ತರುವಂತಿಲ್ಲ. ಆನ್‌ಲೈನ್ ಅಂಗಡಿ ‘ಭಾರತಕ್ಕೆ ಕಳಿಸುತ್ತೇವೆ’ ಎಂದರೂ ಪಾರ್ಸೆಲ್ ಮೇಲೆ ಇರುವ ಹೆಸರು ನಿಮ್ಮದು.

ಇಲ್ಲಿ ಕೆಲವರು ಕೊಡಗಿನ ಉದಾಹರಣೆ ಕೊಡುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಕೋವಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿತು. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆದರೆ ಅದು ಕೋವಿ ಇಟ್ಟುಕೊಳ್ಳುವ, ಒಯ್ಯುವ ವಿನಾಯಿತಿ. ಕೈಲ್ ಪೊಳ್ದ್ ದಿನ ಪೂಜೆಗಿಡುವ ಕೋವಿಗೂ ಮನೆಯಲ್ಲಿ ತೋಟಾ ತಯಾರಿಸುವುದಕ್ಕೂ ಸಂಬಂಧವಿಲ್ಲ.

ಕೇಪಿನ ಕೋವಿ ಇರುವ ಹಳ್ಳಿಗಳಲ್ಲಿ ಓಡಾಡುವ ಇನ್ನೊಂದು ಅಪಾಯದ ಸಲಹೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹೊಸ ತೋಟಾ ಒಡೆದು ಅದರ ಮದ್ದನ್ನು ಹಳೆಯ ಕೋವಿಗೆ ತುಂಬಿದರೆ ಹೊಡೆತ ಜೋರು ಎನ್ನುತ್ತಾರೆ. ಹಳೆಯ ಕೋವಿ ಕಪ್ಪು ಮದ್ದಿಗೆ ಮಾಡಿದ್ದು. ಹೊಸ ಹೊಗೆರಹಿತ ಮದ್ದು ಕೊಡುವ ಒತ್ತಡವನ್ನು ಅದರ ನಳಿಗೆ ತಡೆಯುವುದಿಲ್ಲ, ಹೊಡೆಯುವವನ ಮುಖದ ಹತ್ತಿರವೇ ಒಡೆಯುತ್ತದೆ.

ನಮ್ಮ ಗ್ರೂಪಿನಲ್ಲಿ ಕೊನೆಗೆ ಬಂದ ಪ್ರಶ್ನೆ ಚಿಕ್ಕಮ್ಮನದ್ದು, ಬಹುಶಃ ಎಲ್ಲಕ್ಕಿಂತ ಉಪಯೋಗದ್ದು. ಅವರ ಮಾವ ತೀರಿಕೊಂಡ ಮೇಲೆ ಅಟ್ಟದ ಟ್ರಂಕಿನಲ್ಲಿ ಒಂದು ಡಬ್ಬಿ ತೋಟಾ ಸಿಕ್ಕಿದೆಯಂತೆ, ಏನು ಮಾಡುವುದು? ಲೈಸೆನ್ಸ್ ಇದ್ದವರು ತೀರಿಕೊಂಡ ಮೇಲೆ ಅವರ ಕೋವಿ, ತೋಟಾ ತಾನಾಗಿ ಮನೆಯವರದ್ದಾಗುವುದಿಲ್ಲ. ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯೋ ಒಪ್ಪಿಸಬೇಕು. ಒಡೆದು ನೋಡಬೇಡಿ, ಗುಜರಿಗೆ ಹಾಕಬೇಡಿ, ಒಲೆಗೂ ಬಾವಿಗೂ ಎಸೆಯಬೇಡಿ. ಮೊದಲು ಠಾಣೆಗೆ ಫೋನ್ ಮಾಡಿ ಹೀಗೆ ಸಿಕ್ಕಿದೆ ಎಂದು ತಿಳಿಸಿ, ಹೇಗೆ ತರಬೇಕು ಅಥವಾ ಅವರೇ ಬರುತ್ತಾರೋ ಕೇಳಿ. ಅಜ್ಜನ ಹಳೆಯ ಲೈಸೆನ್ಸ್ ಪುಸ್ತಕ ಅದೇ ಟ್ರಂಕಿನಲ್ಲಿದ್ದರೆ ಅದನ್ನೂ ಜೊತೆಗಿಟ್ಟುಕೊಳ್ಳಿ.